ಮೂರು ವರ್ಷದ ಪುಟ್ಟ ಪಾಡ್ ಕಿಟ್: ಸಿಗರೇಟು ಬಿಡಲೆಂದು ಮೊದಲ ವೇಪ್ ಕೊಳ್ಳುವವರಿಗೆ

ಸಿಗರೇಟು ಸೇದದವರು ವೇಪ್ (ಇ-ಸಿಗರೇಟು) ಮುಟ್ಟಲೇಬೇಡಿ. ಇಂಗ್ಲೆಂಡಿನಲ್ಲಿದ್ದು, ವರ್ಷಗಟ್ಟಲೆ ಸೇದಿ, ಬಿಡಬೇಕೆಂದು ನಾಲ್ಕಾರು ಸಲ ಹೊರಟು ಮತ್ತೆ ಅಲ್ಲಿಗೇ ಬಂದು ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಅವರಲ್ಲೊಬ್ಬ. ಹಾಸನದಲ್ಲಿ ಪಿಯುಸಿ ಓದುವಾಗ ಹತ್ತಿದ ಚಟ ಬೆಂಗಳೂರಿನ ಬೇಕರಿಗಳ ಮುಂದೆ ಅರ್ಧ ಟೀ ಜತೆ ಗಟ್ಟಿಯಾಗಿ, ಲೆಸ್ಟರ್‌ಗೆ ಬರುವ ಹೊತ್ತಿಗೆ ದಿನಕ್ಕೆ ಹದಿನಾಲ್ಕಕ್ಕೆ ಮುಟ್ಟಿತ್ತು. 2023ರ ಫೆಬ್ರವರಿಯಿಂದ ಈವರೆಗೆ ಒಂದೂ ಸೇದಿಲ್ಲ. ಬಿಡಿಸಿದ್ದು ಅಂಗೈಯಲ್ಲಿ ಮುಚ್ಚಿಹೋಗುವ ಒಂದು ಪಾಡ್ ಕಿಟ್, ಅಂದರೆ ನಿಕೋಟಿನ್ ದ್ರವ ತುಂಬುವ ಪುಟ್ಟ ಡಬ್ಬಿ (ಪಾಡ್) ಸಿಕ್ಕಿಸುವ ಚಿಕ್ಕ ವೇಪ್.

ಈಗ ಬರೆಯುವುದಕ್ಕೆ ಕಾರಣ ನನ್ನ ಭಾವಮೈದ. ಓದಲೆಂದು ಕೊವೆಂಟ್ರಿಗೆ ಬಂದು ಕೆಲವೇ ತಿಂಗಳಾಗಿದೆ. ಒಂದು ರಾತ್ರಿ ಫೋನ್ ಮಾಡಿ, "ಭಾವ, ಇಲ್ಲಿ ಸಿಗರೇಟಿನ ರೇಟು ಕೇಳಿದ್ರೆ ಎದೆ ಒಡೆಯುತ್ತೆ. ನೀವು ಯಾವ್ದೋ ಮಿಷನ್ ಇಟ್ಕೊಂಡಿದೀರಲ್ಲ, ಅದನ್ನ ತಗೊಳ್ಳೋದಾ?" ಅಂದ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಆಗಿರಲಿಲ್ಲ. ಶನಿವಾರ ನಾನೇ ಹೋದೆ, ಯಾಕೆಂದರೆ ನನ್ನ ಮೊದಲ ಖರೀದಿ ಪೂರ್ತಿ ತಪ್ಪಾಗಿತ್ತು, ಆ ತಪ್ಪಿಗೆ ನಾನು ಕೊಟ್ಟ ಬೆಲೆ ಇನ್ನೂ ಮೂರೂವರೆ ವರ್ಷದ ಸಿಗರೇಟು.

ಅದು 2019. ಅಂಗಡಿಗೆ ಹೋಗಿ "ಸಿಗರೇಟು ಬಿಡಬೇಕು" ಅಂದೆ. ಕೌಂಟರಿನಲ್ಲಿದ್ದ ಹುಡುಗ ಇಟ್ಟಿಗೆಯಷ್ಟು ತೂಕದ, ಪರದೆ-ಗುಂಡಿ ಇದ್ದ ಪೆಟ್ಟಿಗೆಯೊಂದನ್ನು ಕೈಗಿಟ್ಟ. ಜತೆಗೆ ದೊಡ್ಡ ಬಾಟಲಿಯಲ್ಲಿ ಮಾವಿನ ರುಚಿಯ ಲಿಕ್ವಿಡ್, ನಿಕೋಟಿನ್ ಮಿ.ಲೀ.ಗೆ 3 ಮಿ.ಗ್ರಾಂ. ಎಪ್ಪತ್ತು ಪೌಂಡ್ ಆಯಿತು. ಒಂದು ದಮ್ಮಿಗೆ ಕೋಣೆ ತುಂಬಾ ಮೋಡ. ಗಂಟಲು ಕಿತ್ತುಬರುವಷ್ಟು ಕೆಮ್ಮು. ಇಷ್ಟೆಲ್ಲ ಆದರೂ ಒಳಗಿನ ಆಸೆ ತಣಿಯಲಿಲ್ಲ. ಒಂಬತ್ತನೇ ದಿನ ಸಂಜೆ ಆಫೀಸಿನ ಹಿಂದೆ ನಿಂತು ಸಹೋದ್ಯೋಗಿಯ ಹತ್ತಿರ ಒಂದು ಸಿಗರೇಟು ಇಸ್ಕೊಂಡೆ. 'ವೇಪ್ ನನಗೆ ಆಗಿಬರಲಿಲ್ಲ' ಎಂದು ಮನಸ್ಸಿಗೆ ಹೇಳಿಕೊಂಡು ಆ ಪೆಟ್ಟಿಗೆಯನ್ನು ಡ್ರಾಯರಿಗೆ ತಳ್ಳಿದೆ.

ತಪ್ಪು ಎಲ್ಲಿತ್ತು ಅಂತ ಅರ್ಥವಾಗಿದ್ದು 2023ರ ಜನವರಿಯಲ್ಲಿ, ಲೆಸ್ಟರಿನ ಧೂಮಪಾನ ಬಿಡಿಸುವ ಕೇಂದ್ರದಲ್ಲಿ. ಅಲ್ಲಿನ ಸಲಹೆಗಾರ್ತಿ ಕೇಳಿದ ಮೊದಲ ಪ್ರಶ್ನೆ ಇಷ್ಟೇ: "ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ?" ಐದು ನಿಮಿಷದೊಳಗೆ ಅಂದೆ. "ಹಾಗಾದರೆ 3 ಮಿ.ಗ್ರಾಂ ನಿಮ್ಮ ಯಾವ ಮೂಲೆಗೂ ಸಾಲದು, 20ರಿಂದ ಶುರು ಮಾಡಿ" ಅಂದರು. 20 ಮಿ.ಗ್ರಾಂ ಎಂದರೆ ಇಲ್ಲಿನ ಕಾನೂನು ಬಿಡುವ ಗರಿಷ್ಠ. ಕೇಳಿ ಹೆದರಿದೆ. ಬಿಡಲು ಬಂದವನಿಗೆ ಇನ್ನೂ ಹೆಚ್ಚು ನಿಕೋಟಿನ್ ಯಾಕೆ? ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಚಟ ಹಿಡಿಸುವುದು ನಿಕೋಟಿನ್, ಆದರೆ ಕ್ಯಾನ್ಸರ್ ತರುವುದು, ಶ್ವಾಸಕೋಶ ಹಾಳುಮಾಡುವುದು ಬಹುಪಾಲು ತಂಬಾಕು ಉರಿದಾಗ ಹುಟ್ಟುವ ಟಾರು ಮತ್ತು ಹೊಗೆಯೊಳಗಿನ ವಿಷಗಳು. ವೇಪ್‌ನಲ್ಲಿ ಏನೂ ಉರಿಯುವುದಿಲ್ಲ, ದ್ರವ ಕಾದು ಆವಿಯಾಗುತ್ತದೆ. ನಿಕೋಟಿನ್ ಸಾಕಷ್ಟು ಸಿಗದಿದ್ದರೆ ದೇಹ ಸಿಗರೇಟನ್ನೇ ಹುಡುಕಿಕೊಂಡು ಹೋಗುತ್ತದೆ. ನನ್ನ ಒಂಬತ್ತು ದಿನಗಳ ಕತೆಗೆ ಇದಕ್ಕಿಂತ ಬೇರೆ ವಿವರಣೆ ಬೇಕಿರಲಿಲ್ಲ.

ಆದ್ದರಿಂದ ಹೊಸಬರಿಗೆ ನನ್ನ ಮೊದಲ ಮಾತು: ಯಂತ್ರ ನೋಡುವ ಮುಂಚೆ ನಿಮ್ಮ ಸಿಗರೇಟಿನ ಲೆಕ್ಕ ನೋಡಿ. ದಿನಕ್ಕೆ ಹತ್ತಕ್ಕಿಂತ ಹೆಚ್ಚು, ಎದ್ದ ಕೂಡಲೇ ಬೇಕು ಅನ್ನುವವರು 20ರಿಂದ ಹೊರಡಿ. ದಿನಕ್ಕೆ ನಾಲ್ಕೈದು ಸೇದುವವರಿಗೆ 10 ಸಾಕಾಗಬಹುದು. ತಲೆ ಸುತ್ತಿದರೆ, ಹೊಟ್ಟೆ ತೊಳಸಿದರೆ ಹೆಚ್ಚಾಯಿತು ಎಂದರ್ಥ, ಕೆಳಗಿಟ್ಟು ನೀರು ಕುಡಿಯಿರಿ, ಮುಂದಿನ ಬಾಟಲಿ ಕಡಿಮೆ ಬಲದ್ದು ತನ್ನಿ.

ಇನ್ನು ಯಂತ್ರ. ನನ್ನದರ ಹೆಸರು ಹೇಳುವುದಿಲ್ಲ, ಏಕೆಂದರೆ ಈ ಮಾದರಿಗಳು ವರ್ಷಕ್ಕೊಂದು ಬದಲಾಗುತ್ತವೆ. ಜಾತಿ ತಿಳಿದರೆ ಸಾಕು. ಮರುತುಂಬಿಸುವ ಪಾಡ್ ಕಿಟ್: 1000 ಎಂಎಎಚ್ ಬ್ಯಾಟರಿ, 2 ಮಿ.ಲೀ. ಪಾಡ್, 0.8 ಓಮ್ ಕಾಯಿಲ್ (ಪಾಡಿನೊಳಗೆ ದ್ರವ ಹೀರಿದ ಹತ್ತಿಯನ್ನು ಕಾಯಿಸುವ ತಂತಿ), ಟೈಪ್-ಸಿ ಚಾರ್ಜಿಂಗ್. ಒತ್ತುವ ಗುಂಡಿಯೂ ಬೇಡ, ಎಳೆದರೆ ತಾನೇ ಶುರುವಾಗುತ್ತದೆ. ವೇಪೊರೆಸೊ, ಯೂವೆಲ್, ಆಸ್ಪೈರ್, ಇನ್ನೊಕಿನ್ ಹೀಗೆ ಹಲವರು ಈ ಜಾತಿಯದನ್ನು ಮಾಡುತ್ತಾರೆ. ನಾನು ಕೊಟ್ಟಿದ್ದು 24 ಪೌಂಡ್. ಕೆಲವು ಊರುಗಳಲ್ಲಿ ಕೌನ್ಸಿಲ್ಲಿನ ಧೂಮಪಾನ ಬಿಡಿಸುವ ಸೇವೆಯವರೇ ಕಿಟ್ ಉಚಿತವಾಗಿ ಕೊಡುತ್ತಾರೆ, ಮೊದಲು ಅಲ್ಲಿ ವಿಚಾರಿಸಿ.

ಅಂಗಡಿಯಲ್ಲಿ ಎರಡು ಮಾತು ಕಿವಿಗೆ ಬೀಳುತ್ತವೆ, ಎಂಟಿಎಲ್ ಮತ್ತು ಡಿಟಿಎಲ್. ಮೊದಲನೆಯದರಲ್ಲಿ ಸಿಗರೇಟಿನಂತೆಯೇ ಬಾಯಿಗೆ ಎಳೆದುಕೊಂಡು ಆಮೇಲೆ ಎದೆಗೆ ಇಳಿಸುವುದು. ಎರಡನೆಯದರಲ್ಲಿ ಹುಕ್ಕಾದ ಹಾಗೆ ನೇರವಾಗಿ ಎದೆಗೇ ಎಳೆಯುವುದು. ನನಗೆ 2019ರಲ್ಲಿ ಕೊಟ್ಟಿದ್ದು ಎರಡನೆಯದು. ಹದಿನೈದು ವರ್ಷ ಸಿಗರೇಟು ಎಳೆದ ಬಾಯಿಗೆ ಮೊದಲನೆಯದೇ ಒಗ್ಗುವುದು. ಓಮ್ ಸಂಖ್ಯೆ 0.8ರಿಂದ 1.2ರೊಳಗಿದ್ದರೆ ಬಹುತೇಕ ಎಂಟಿಎಲ್. ಆವಿ ಕಡಿಮೆ, ಲಿಕ್ವಿಡ್ ಖರ್ಚೂ ಕಡಿಮೆ.

ಕೊವೆಂಟ್ರಿಯ ಅಂಗಡಿಯಲ್ಲಿ ಭಾವಮೈದನ ಕಣ್ಣು ಹೋದದ್ದು ಬಣ್ಣದ ದೀಪ ಮಿನುಗುವ ಒಂದು ದೊಡ್ಡ ಯಂತ್ರದ ಮೇಲೆ. "ಭಾವ, ಇದ್ರಲ್ಲಿ ಹೊಗೆ ಜಾಸ್ತಿ ಬರುತ್ತಂತೆ." "ಹೊಗೆ ನಿನಗ್ಯಾಕೆ ಬೇಕು? ನಿನ್ನ ಮೈ ಕೇಳ್ತಿರೋದು ನಿಕೋಟಿನ್. ಅದು ಈ ಚಿಕ್ಕದ್ರಲ್ಲೇ ಚೆನ್ನಾಗಿ ಸಿಗೋದು" ಅಂದೆ. ನಾವು ಒಳ್ಳೆಯದು ಅಂದರೆ ದೊಡ್ಡದು ಅಂದುಕೊಳ್ಳುತ್ತೇವೆ. ಅವನು ಅರೆಮನಸ್ಸಿನಿಂದಲೇ ಚಿಕ್ಕದನ್ನು ಹಿಡಿದ. ಹದಿನೆಂಟು ತುಂಬಿದ್ದಕ್ಕೆ ಗುರುತಿನ ಚೀಟಿ ತೋರಿಸಿದ. ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ಇಲ್ಲಿ 2025ರ ಜೂನ್ 1ರಿಂದ ನಿಷೇಧವಾಗಿದೆ. ಯಾರಾದರೂ ಕೌಂಟರಿನ ಕೆಳಗಿಂದ ತೆಗೆದುಕೊಟ್ಟರೆ ಆ ಅಂಗಡಿಗೆ ಇನ್ನೊಮ್ಮೆ ಹೋಗಬೇಡಿ, ಉಳಿದ ನಿಯಮಗಳನ್ನೂ ಅವರು ಪಾಲಿಸಿರುತ್ತಾರೆ ಎಂದು ನಂಬುವುದು ಹೇಗೆ?

ಲಿಕ್ವಿಡ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಹೊಸಬರು ಎಡವುವುದೇ ಇಲ್ಲಿ. ಅದರಲ್ಲಿ ಮುಖ್ಯವಾಗಿ ನಾಲ್ಕು ವಸ್ತು: ಪಿಜಿ (ಪ್ರೊಪಿಲೀನ್ ಗ್ಲೈಕಾಲ್), ವಿಜಿ (ವೆಜಿಟೇಬಲ್ ಗ್ಲಿಸರಿನ್), ನಿಕೋಟಿನ್, ಪರಿಮಳ. ಪಿಜಿ ತೆಳು, ವಿಜಿ ಜೇನಿನಂತೆ ಮಂದ. ಪುಟ್ಟ ಪಾಡಿನ ಹತ್ತಿ ಮಂದವಾದ ದ್ರವವನ್ನು ಬೇಗ ಹೀರಿಕೊಳ್ಳಲಾರದು, ಆದ್ದರಿಂದ ಬಾಟಲಿಯ ಮೇಲೆ 50:50 (ಅರ್ಧ ಪಿಜಿ, ಅರ್ಧ ವಿಜಿ) ಎಂದಿರುವುದನ್ನೇ ತನ್ನಿ. ದೊಡ್ಡ ಯಂತ್ರಕ್ಕೆಂದು ಮಾಡಿದ 70 ಭಾಗ ವಿಜಿಯ ಬಾಟಲಿ ಪಾಡಿಗೆ ಹಾಕಿದರೆ ಸುಟ್ಟ ಹತ್ತಿಯ ರುಚಿ ಖಂಡಿತ. ಇನ್ನೊಂದು, 20 ಮಿ.ಗ್ರಾಂ ತರುವಾಗ 'ನಿಕ್ ಸಾಲ್ಟ್' ಎಂದು ಕೇಳಿ. ಸಾಮಾನ್ಯ ನಿಕೋಟಿನ್ ಆ ಬಲದಲ್ಲಿ ಗಂಟಲಿಗೆ ಮೆಣಸಿನಂತೆ ಹಿಡಿಯುತ್ತದೆ. ಬೆಂಜೊಯಿಕ್ ಆಮ್ಲದಂಥದ್ದನ್ನು ಸೇರಿಸಿ ಮಾಡಿದ ಸಾಲ್ಟ್ ಮೃದು. ನಿಕೋಟಿನ್ ಇರುವ ಬಾಟಲಿ ಇಲ್ಲಿ 10 ಮಿ.ಲೀ.ಗಿಂತ ದೊಡ್ಡದಿರುವಂತಿಲ್ಲ, ಚಟ ಹಿಡಿಸುವ ವಸ್ತು ಎಂಬ ಎಚ್ಚರಿಕೆ ಮೇಲೆ ಅಚ್ಚಾಗಿರಲೇಬೇಕು. ಚೀಟಿ ಇಲ್ಲದ ಬಾಟಲಿ, ಗೆಳೆಯನ ಗೆಳೆಯ ತಂದುಕೊಟ್ಟ ಬಾಟಲಿ ಬೇಡವೇ ಬೇಡ. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿ ಶ್ವಾಸಕೋಶ ಕೆಟ್ಟು ಜನ ಸತ್ತರಲ್ಲ, ಅದರ ಬೆನ್ನು ಹತ್ತಿದಾಗ ಸಿಕ್ಕಿದ್ದು ಬಹುಪಾಲು ಕಳ್ಳಮಾರ್ಗದ ಗಾಂಜಾ ಎಣ್ಣೆಯ ಪಾಡುಗಳು ಮತ್ತು ಅದಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್.

ರುಚಿ ನಿಮ್ಮಿಷ್ಟ. ತಂಬಾಕಿನ ರುಚಿಯದು ಸಿಗರೇಟಿನಂತೆ ಇರುತ್ತದೆಂದು ತಂದೆ, ಹಾಗಿರಲಿಲ್ಲ. ನನ್ನನ್ನು ದಡ ಸೇರಿಸಿದ್ದು ಪುದೀನ.

ಕಾಯಿಲ್ ಸುಡುವುದನ್ನು ಹೇಳದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಹೊಸ ಪಾಡಿಗೆ ಲಿಕ್ವಿಡ್ ತುಂಬಿದ ಮೇಲೆ ಹತ್ತು ನಿಮಿಷ ಹಾಗೇ ಇಡಿ. ಒಳಗಿನ ಹತ್ತಿ ಪೂರ್ತಿ ನೆನೆಯಬೇಕು. ಒಣ ಹತ್ತಿಯ ಮೇಲೆ ಕಾಯಿಲ್ ಕಾದರೆ ಅದು ಕರಟುತ್ತದೆ, ಒಮ್ಮೆ ಕರಟಿದ್ದು ಮತ್ತೆ ಸರಿಹೋಗದು. ಭಾವಮೈದ ಅಂಗಡಿಯಿಂದ ಹೊರಬಂದವನೇ ತುಂಬಿ ಎಳೆದ. ಮುಖ ಕಿವುಚಿಕೊಂಡು ನನ್ನ ಕಡೆ ನೋಡಿದ. ಮೂರು ಪೌಂಡಿನ ಪಾಡ್ ಹೋಯಿತು. ಎರಡನೆಯದನ್ನು ತುಂಬಿ ಬೆಂಚಿನ ಮೇಲಿಟ್ಟು, ಇಬ್ಬರೂ ಕಾಫಿ ಕುಡಿದು ಬಂದೆವು. ಆ ರುಚಿಯನ್ನೇ ವೇಪ್‌ನ ರುಚಿ ಎಂದುಕೊಂಡು ಸಿಗರೇಟಿಗೆ ಮರಳಿದವರನ್ನು ನಾನು ನೋಡಿದ್ದೇನೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನನಗೆ ಒಂದು ಪಾಡ್ ಹತ್ತು ಹನ್ನೆರಡು ದಿನ ಬರುತ್ತದೆ. ಸಿಹಿ ಹೆಚ್ಚಿರುವ ಲಿಕ್ವಿಡ್ ಹಾಕಿದರೆ ಐದೇ ದಿನಕ್ಕೆ ಮುಗಿಯುತ್ತದೆ, ಸಿಹಿಕಾರಕ ಕಾಯಿಲ್ ಮೇಲೆ ಬೆಲ್ಲದ ಪಾಕದಂತೆ ಕಪ್ಪಗೆ ಕೂರುತ್ತದೆ.

ನನ್ನ ಕಿಟ್‌ನ ಕೊರತೆಗಳೂ ಇವೆ. ಪಾಡಿನ ಪ್ಲಾಸ್ಟಿಕ್ ಎಷ್ಟು ಕಪ್ಪೆಂದರೆ ಲಿಕ್ವಿಡ್ ಎಷ್ಟಿದೆ ಎಂದು ಬೆಳಕಿಗೆ ಹಿಡಿದು ನೋಡಬೇಕು. ಗಾಳಿಯ ತೂತಿನಲ್ಲಿ ಜೇಬಿನ ನೂಲು ಸಿಕ್ಕಿಕೊಳ್ಳುತ್ತದೆ. ವಾರಕ್ಕೆರಡು ಸಲ ಪಾಡ್ ತೆಗೆದು ಅಡಿಯ ತೇವವನ್ನು ಟಿಶ್ಯೂನಿಂದ ಒರೆಸದಿದ್ದರೆ ಎಳೆಯುವಾಗ ಗೊಳಗೊಳ ಸದ್ದು ಬಂದು ಬಾಯಿಗೆ ಹನಿ ಸಿಡಿಯುತ್ತದೆ. ಹತ್ತೊಂಬತ್ತು ತಿಂಗಳಿಗೆ ಬ್ಯಾಟರಿ ಸೊರಗಿ, ಅದೇ ಮಾದರಿಯ ಎರಡನೆಯದನ್ನು ಕೊಂಡೆ. ಲಿಥಿಯಂ ಬ್ಯಾಟರಿಯಾದ್ದರಿಂದ ದಿಂಬಿನ ಪಕ್ಕ ಇಟ್ಟು ರಾತ್ರಿಯಿಡೀ ಚಾರ್ಜ್ ಮಾಡುವುದಿಲ್ಲ. ಬಾಟಲಿಗಳು ಮೇಲಿನ ಬೀರುವಿನಲ್ಲಿ, ಬೀಗದೊಳಗೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ಆ ದ್ರವ ಮಗುವಿನ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ.

ಖರ್ಚು: ಬಿಡುವ ಹೊತ್ತಿಗೆ ವಾರಕ್ಕೆ ಐದು ಪ್ಯಾಕು, ಸುಮಾರು 65 ಪೌಂಡ್. ವೇಪ್‌ಗೆ ಹಾಕಿದ್ದು ವಾರಕ್ಕೆ ಹತ್ತರ ಒಳಗೆ. 2026ರ ಅಕ್ಟೋಬರ್ 1ರಿಂದ 10 ಮಿ.ಲೀ.ಗೆ 2.20 ಪೌಂಡ್ ಹೊಸ ಸುಂಕ ಬೀಳುತ್ತದೆ, ವ್ಯಾಟ್ ಸೇರಿದರೆ ಬಾಟಲಿಗೆ 2.64 ಏರಿದಂತೆ. ಆದರೂ ಸಿಗರೇಟಿನ ಹತ್ತಿರಕ್ಕೂ ಬರುವುದಿಲ್ಲ.

ಮೊದಲ ಮೂರು ವಾರ ನಾನು ಸಿಗರೇಟು, ವೇಪ್ ಎರಡನ್ನೂ ಸೇದಿದೆ. ಊಟದ ಮೇಲಿನದು ಮೊದಲು ಹೋಯಿತು, ಬೆಳಗಿನದು ಕೊನೆಗೆ. ಎರಡನ್ನೂ ಹಾಗೇ ಮುಂದುವರಿಸಿದರೆ ಹೆಚ್ಚಿನ ಲಾಭವಿಲ್ಲ, ಆದರೆ ಮೊದಲ ದಿನವೇ ಪೂರ್ತಿ ನಿಲ್ಲಲಿಲ್ಲ ಎಂದು ಯಂತ್ರವನ್ನು ಎಸೆಯಬೇಡಿ.

ಮೂರು ವರ್ಷದ ಮೇಲೂ ನಾನು ವೇಪ್ ಬಿಟ್ಟಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರಲ್ಲಿ 886 ಜನರಿದ್ದರು. ವರ್ಷದ ಕೊನೆಗೆ ವೇಪ್ ಗುಂಪಿನಲ್ಲಿ ಶೇ. 18, ನಿಕೋಟಿನ್ ಪ್ಯಾಚು-ಗಮ್ಮಿನ ಗುಂಪಿನಲ್ಲಿ ಶೇ. 9.9 ಜನ ಸಿಗರೇಟು ಬಿಟ್ಟಿದ್ದರು. ಆದರೆ ವೇಪ್‌ನಿಂದ ಬಿಟ್ಟವರಲ್ಲಿ ಶೇ. 80 ಜನ ಆಗಲೂ ವೇಪ್ ಮಾಡುತ್ತಲೇ ಇದ್ದರು, ಇನ್ನೊಂದು ಗುಂಪಿನಲ್ಲಿ ಗಮ್ಮು-ಪ್ಯಾಚಿಗೆ ಅಂಟಿಕೊಂಡವರು ಶೇ. 9 ಮಾತ್ರ. ನಾನು ಆ ಎಂಬತ್ತರ ಪೈಕಿ. 20ರಿಂದ 10ಕ್ಕೆ ಬರಲು ಎಂಟು ತಿಂಗಳಾಯಿತು. 5ಕ್ಕೆ ಇಳಿದಾಗ ಗೊತ್ತಿಲ್ಲದೆ ದಮ್ಮುಗಳ ಸಂಖ್ಯೆ ಏರಿತು, ಅಪ್ಪ ಆಸ್ಪತ್ರೆ ಸೇರಿದಾಗ ಮತ್ತೆ 10ಕ್ಕೆ ಹೋದೆ, ಈಗ ಮತ್ತೆ 5. ಬೆಳಗಿನ ಕಫದ ಕೆಮ್ಮು ನಿಂತಿದೆ, ಮೂರನೇ ಮಹಡಿಗೆ ಏದುಸಿರಿಲ್ಲದೆ ಹತ್ತುತ್ತೇನೆ. ಬಾಯಿ ಒಣಗುತ್ತದೆ, ನೀರು ಹೆಚ್ಚು ಬೇಕು. ಸಿಗರೇಟಿಗಿಂತ ಎಷ್ಟೋ ಕಡಿಮೆ ಹಾನಿ, ಹಾಗೆಂದು ಹಾನಿಯೇ ಇಲ್ಲವೆಂದಲ್ಲ ಎಂಬುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ ಮಾತು. ಸೊನ್ನೆಗೆ ಇಳಿಯುವುದೇ ನನ್ನ ಗುರಿ.

ಊರಿಗೆ ಹೋಗುವವರು ಇದನ್ನು ಗಮನದಲ್ಲಿಡಿ. ಭಾರತದಲ್ಲಿ 2019ರ ಕಾಯ್ದೆ ವೇಪ್ ಮಾರಾಟವನ್ನಷ್ಟೇ ಅಲ್ಲ, ಆಮದನ್ನೂ ನಿಷೇಧಿಸಿದೆ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಬೀಳಬಹುದು. ದಾರಿಯಲ್ಲಿ ಸಿಂಗಾಪುರ ಸಿಕ್ಕರೆ ಅಲ್ಲಿ ಬಳಿ ಇಟ್ಟುಕೊಳ್ಳುವುದೇ ಅಪರಾಧ. 2024ರ ಡಿಸೆಂಬರಿನಲ್ಲಿ ಮೂರು ವಾರ ಹಾಸನಕ್ಕೆ ಹೋದಾಗ ಕಿಟ್ಟನ್ನು ಲೆಸ್ಟರಿನಲ್ಲೇ ಬಿಟ್ಟು, ಪ್ಯಾಚು ಒಯ್ದೆ. ಮೆಡಿಕಲ್ ಶಾಪಿನಲ್ಲಿ 2 ಮಿ.ಗ್ರಾಂ ಗಮ್ಮು ಸಿಗುತ್ತದೆ. ನಾಲ್ಕನೇ ದಿನ ಹಳೆಯ ಗೆಳೆಯ ಟೀ ಅಂಗಡಿ ಮುಂದೆ ಪ್ಯಾಕು ಚಾಚಿ "ತಗೊ ಮಗಾ, ಒಂದಕ್ಕೇನಾಗುತ್ತೆ" ಅಂದ. ಬಾಯಲ್ಲಿದ್ದ ಗಮ್ಮನ್ನು ದವಡೆಗೆ ಒತ್ತಿಕೊಂಡು ಬೇಡ ಅಂದೆ. ಕೈ ಸ್ವಲ್ಪ ನಡುಗಿದ್ದು ನಿಜ.

ಭಾವಮೈದ ಈಗ ಆರನೇ ವಾರದಲ್ಲಿದ್ದಾನೆ. ಕೊನೆಯ ಸಿಗರೇಟು ಸೇದಿ ಹತ್ತೊಂಬತ್ತು ದಿನವಾಯಿತಂತೆ. ನಿನ್ನೆ ಅಂಗಡಿಯಿಂದಲೇ ಫೋನ್ ಮಾಡಿದ್ದ. "ಭಾವ, ಪಾಡ್ ಮುಗೀತು. ಇಲ್ಲಿ 0.6 ಇದೆ, 0.8 ಇದೆ. ಯಾವ್ದು?"

"0.8. ತುಂಬಿ ಹತ್ತು ನಿಮಿಷ ಬಿಡು."

"ಗೊತ್ತು ಭಾವ, ಕಾಫಿ ಕುಡ್ಕೊಂಡ್ ಬರ್ತೀನಿ."