ಮೂರು ಸೊನ್ನೆ ಬ್ರಷ್: ಎರಡು ವರ್ಷ ಬಳಸಿದ ಮೇಲೆ

ಸಮುದ್ರದ ಕೆಸರಿನಿಂದ ಫೊರಾಮ್, ಅಂದರೆ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪು, ಹೆಕ್ಕುವ ಕೆಲಸಕ್ಕೆ ಹೊಸದಾಗಿ ಬಂದವರು ಯಾವ ಬ್ರಷ್ ತಗೊಳ್ಳೋದು ಅಂತ ಕೇಳುತ್ತಿರುತ್ತಾರೆ. ನಾನು ಬಳಸುವುದು ವಿನ್ಸರ್ ಆ್ಯಂಡ್ ನ್ಯೂಟನ್ ಕಂಪನಿಯ ಸೀರೀಸ್ 7, ಸೈಜ್ 000. ಕೊಲಿನ್ಸ್ಕಿ ಸೇಬಲ್, ಅಂದರೆ ಸೈಬೀರಿಯದ ವೀಸಲ್ ಎಂಬ ಸಣ್ಣ ಪ್ರಾಣಿಯ ಕೂದಲಿನದು. ಗೋವಾದ ನಮ್ಮ ಲ್ಯಾಬಿನಲ್ಲಿ ಎರಡು ವರ್ಷದಿಂದ ದಿನಾ ಇದೇ ನನ್ನ ಕೈಯಲ್ಲಿದೆ.

ಫೊರಾಮಿನಿಫೆರಾ ಒಂದೇ ಜೀವಕೋಶದ ಜೀವಿ. ಆದರೂ ತನಗೊಂದು ಮನೆ ಕಟ್ಟಿಕೊಳ್ಳುತ್ತದೆ. ಬಹಳಷ್ಟಕ್ಕೆ ಸುಣ್ಣದ ಚಿಪ್ಪು, ಕೆಲವಕ್ಕೆ ಮರಳಿನ ಕಣ ಅಂಟಿಸಿದ ಗೂಡು. ಕೆಸರನ್ನು 63 ಮೈಕ್ರಾನ್‌ನಷ್ಟು ಸಣ್ಣ ತೂತಿನ ಜರಡಿಯಲ್ಲಿ ತೊಳೆದು, ಒಣಗಿಸಿ, ಕಪ್ಪು ಟ್ರೇ ಮೇಲೆ ಉದುರಿಸಿ, ಮೈಕ್ರೋಸ್ಕೋಪಿನ ಕೆಳಗೆ ಒಂದೊಂದಾಗಿ ಹೆಕ್ಕಬೇಕು. ಯಾವ ಜಾತಿ ಎಷ್ಟಿದೆ ಅಂತ ಎಣಿಸಲು ಒಂದು ಸ್ಯಾಂಪಲ್‌ಗೆ ಸುಮಾರು 300 ಚಿಪ್ಪು. ಮೇ ತಿಂಗಳ ಸೆಕೆಯಲ್ಲೂ ಫ್ಯಾನ್ ಬಂದ್. ಜೋರಾಗಿ ಉಸಿರು ಬಿಟ್ಟರೂ ಚಿಪ್ಪು ಹಾರಿಹೋಗುತ್ತದೆ.

ಮೊದಲು ನನ್ನ ಹತ್ತಿರ ಅಗ್ಗದ ನೈಲಾನ್ ಬ್ರಷ್ ಇತ್ತು. ತಿಂಗಳೊಳಗೆ ಅದರ ತುದಿ ಕೊಕ್ಕೆಯ ಹಾಗೆ ಬಾಗಿತು. ಒಂದನ್ನು ಎತ್ತಲು ಹೋದರೆ ಮೂರು ಅಂಟಿಕೊಂಡು ಬರುತ್ತಿದ್ದವು, ಇಲ್ಲವೇ ಬೇಕಾದದ್ದೇ ಜಾರಿ ಬೀಳುತ್ತಿತ್ತು. ಈ ಬ್ರಷ್ ಹಾಗಲ್ಲ. ನೀರಿಗೆ ಅದ್ದಿ, ಟಿಶ್ಯೂ ಮೇಲೆ ಒಮ್ಮೆ ಎಳೆದರೆ ಸಾಕು, ಕೂದಲೆಲ್ಲ ಕೂಡಿ ಸೂಜಿಮೊನೆ ಆಗುತ್ತದೆ. ಚಿಪ್ಪಿಗೆ ಸುಮ್ನೆ ಮುಟ್ಟಿಸಿದರೆ ತುದಿಯ ತೇವಕ್ಕೇ ಅದು ಎದ್ದು ಬರುತ್ತದೆ. ಅಂಟು ಸವರಿದ ಸ್ಲೈಡಿನ ಚೌಕದಲ್ಲಿಟ್ಟು, ಚಿಪ್ಪಿನ ಬಾಯಿ ಮೇಲೆ ಬರುವ ಹಾಗೆ ಹೊರಳಿಸಲೂಬಹುದು.

ಬ್ರಷ್‌ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅಂದರೆ, ಖಂಡಿತ ಬೇಕು. ಎಪಿಸ್ಟೊಮಿನೆಲ್ಲ ಎಕ್ಸಿಗುವ ಅಂತ ಒಂದು ಜಾತಿ ಇದೆ. ರವೆ ಕಾಳಿಗಿಂತ ಎಷ್ಟೋ ಚಿಕ್ಕದು, ಚಿಪ್ಪು ಗಾಜಿನ ಹಾಗೆ, ತೀರಾ ತೆಳು. ಮೇಲಿನ ನೀರಿನಲ್ಲಿ ಹುಟ್ಟಿದ ಪಾಚಿ ಸತ್ತು ಸಾಗರದ ತಳಕ್ಕೆ ಬಿದ್ದರೆ ಸಾಕು, ಇದು ಬೇಗ ಬೇಗ ಹೆಚ್ಚುತ್ತದೆ. ಉತ್ತರ ಧ್ರುವದ ಸಮುದ್ರದಿಂದ ದಕ್ಷಿಣ ಧ್ರುವದ ಸಮುದ್ರದವರೆಗೆ ಇದರ ಸಂಸಾರ ಹರಡಿದೆ, ಜೀನ್ ತಾಳೆ ನೋಡಿದಾಗಲೂ ಹೆಚ್ಚು ವ್ಯತ್ಯಾಸ ಸಿಗಲಿಲ್ಲ. ಇಂಥದ್ದು ಕೆಟ್ಟ ಬ್ರಷ್‌ಗೆ ಸಿಕ್ಕುವುದೇ ಇಲ್ಲ. ಆಗ ದಪ್ಪ ಚಿಪ್ಪಿನವಷ್ಟೇ ಲೆಕ್ಕಕ್ಕೆ ಬರುತ್ತವೆ, ಆ ಜಾಗದಲ್ಲಿ ಜಾತಿಗಳೇ ಕಡಿಮೆ ಅಂತ ಬರೆದುಬಿಡುತ್ತೇವೆ.

ಇನ್ನೊಂದು ಅಪಾಯವೂ ಇದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1200 ಮೀಟರ್ ಆಳದ ನಡುವೆ ಆಮ್ಲಜನಕ ತೀರಾ ಕಡಿಮೆ. ಅಲ್ಲಿನ ಕೆಸರಿನಲ್ಲಿ ಬೊಲಿವಿನ, ಯುವಿಜೆರಿನದಂಥ ಫೊರಾಮ್ ಗುಂಪುಗಳ ಕೆಲವೇ ಜಾತಿಗಳು ರಾಶಿರಾಶಿ. ಇನ್ನೂ ಕೆಳಗೆ ಇಳಿದರೆ ಜಾತಿಗಳು ಜಾಸ್ತಿ. ಮೇಲಿನ ಸ್ಯಾಂಪಲ್‌ನ ಒಂದು ಬೊಲಿವಿನ ಕೂದಲಿನ ನಡುವೆ ಸಿಕ್ಕಿಕೊಂಡು ಆಳದ ಸ್ಯಾಂಪಲ್‌ಗೆ ಬಂದರೆ? ನನಗೆ ಒಮ್ಮೆ ಹಾಗಾಗಿ, ಇಡೀ ಸ್ಲೈಡ್ ಮತ್ತೆ ಮಾಡಿದೆ. ಈಗ ಪ್ರತಿ ಸ್ಯಾಂಪಲ್ ಮುಗಿದ ಮೇಲೆ ಬ್ರಷ್ ತೊಳೆದು, ಅದನ್ನೂ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಇದರ ಕೂದಲು ಗಿಡ್ಡ, ಒತ್ತಾಗಿದೆ, ಒಂದು ನಿಮಿಷದಲ್ಲಿ ನೋಡಿ ಮುಗಿಯುತ್ತದೆ.

ಕೊರತೆ ಇಲ್ಲ ಅಂತಲ್ಲ. ಸಾವಿರ ರೂಪಾಯಿಗಿಂತ ಜಾಸ್ತಿ ಕೊಟ್ಟೆ, ವಿದ್ಯಾರ್ಥಿಗಳಿಗೆ ಅದು ಭಾರವೇ. ನೀರು ಹಿಡಿಯುವುದು ಕಡಿಮೆ, ದೀಪದ ಬಿಸಿಗೆ ಬೇಗ ಒಣಗುತ್ತದೆ, ಪದೇಪದೇ ಅದ್ದಬೇಕು. ಸುಮಾರು 4000 ಮೀಟರ್ ದಾಟಿದ ತೀರಾ ಆಳದ ಸ್ಯಾಂಪಲ್‌ಗಳಲ್ಲಿ ಸುಣ್ಣ ಕರಗಿಹೋಗಿರುತ್ತದೆ, ಮರಳಿನ ಕಣ ಅಂಟಿಸಿದ ಕೊಳವೆಯಂಥ ಗೂಡುಗಳೇ ಹೆಚ್ಚು. ಉದ್ದನೆಯ ಕೊಳವೆ ಎತ್ತಲು ಈ ಮೊನೆ ಸಾಲದು, ಕೊಳವೆ ಅರ್ಧಕ್ಕೆ ಮುರಿಯುತ್ತದೆ. ಅದಕ್ಕೆ ಸೈಜ್ 1 ಬೇರೆ ಇಟ್ಟುಕೊಂಡಿದ್ದೇನೆ.

ಕ್ಯಾಪ್ ಹಾಕುವಾಗ ಹುಷಾರು. ಒಂದೇ ಒಂದು ಕೂದಲು ಅಂಚಿಗೆ ಸಿಕ್ಕಿ ಮಡಚಿದರೂ ಮೊನೆ ಹೋಯಿತು. ನಾನು ಕ್ಯಾಪ್ ಹಾಕುವುದನ್ನೇ ಬಿಟ್ಟಿದ್ದೇನೆ, ತೊಳೆದು ತುದಿ ಸರಿಮಾಡಿ ಟೇಬಲ್ ಮೇಲೆ ಅಡ್ಡ ಮಲಗಿಸುತ್ತೇನೆ.