400 ಅಂದ್ರೆ ಏನು 400? ಬೋಟ್‌ಗೆ ಬ್ಯಾಲಸ್ಟ್ ಬ್ಯಾಗ್ ಕೊಳ್ಳುವವರೇ, ಮೊದಲು ಇದನ್ನ ಕೇಳಿ

ವೇಕ್‌ಸರ್ಫಿಂಗ್‌ಗೆ ಅಂತ ಬ್ಯಾಲಸ್ಟ್ ಬ್ಯಾಗ್, ಅಂದ್ರೆ ಬೋಟಿಗೆ ಭಾರ ಹಾಕಲು ನೀರು ತುಂಬುವ ಚೀಲ, ತರಿಸುವವರಿದ್ದರೆ ಇದನ್ನ ಪೂರ್ತಿ ಓದಿ. ನನ್ನ 48,000 ರೂಪಾಯಿ ಹೋಗಿದೆ. ನಿಮ್ಮದು ಹೋಗೋದು ಬೇಡ.

ನಾನು ಕಲಬುರಗಿಯಲ್ಲಿ ದಾಲ್‌ಮಿಲ್ ನಡೆಸುವವನು. 22 ವರ್ಷದಿಂದ ತೊಗರಿ ತೂಗುತ್ತಿದ್ದೇನೆ. ಚೀಲದಲ್ಲಿ ಒಂದು ಕಿಲೋ ಕಡಿಮೆ ಇದ್ದರೆ ನೋಡಿದ ಕೂಡಲೇ ಹೇಳ್ತೀನಿ ಅಂತ ಜಂಬ ಕೊಚ್ಚಿಕೊಂಡವನು. ಅಂಥ ನನಗೇ ತೂಕದಲ್ಲಿ ಮೋಸ! ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಬೋಟ್ ನಮ್ಮ ಅಕ್ಕನ ಮಗನದು. ಬೀದರ್ ಕಡೆ ಕಾರಂಜಾ ಹಿನ್ನೀರಿನಲ್ಲಿ ವೇಕ್‌ಸರ್ಫಿಂಗ್ ಶುರು ಮಾಡಬೇಕು ಅಂತ ಪರವಾನಗಿಗೆ ಓಡಾಡುತ್ತಿದ್ದಾನೆ. ಬೋಟ್ ಎಬ್ಬಿಸುವ ಅಲೆಯ ಮೇಲೆ ಹಲಗೆ ಹಾಕಿಕೊಂಡು, ಹಗ್ಗ ಬಿಟ್ಟು ನಿಂತು ಹೋಗುವ ಆಟ ಅದು. ಇದಕ್ಕೆ ಓಟ ಜಾಸ್ತಿ ಬೇಡ, ಗಂಟೆಗೆ 16ರಿಂದ 19 ಕಿ.ಮೀ. ಸಾಕು. ಬೇಕಾಗಿರೋದು ಭಾರ. ಬೋಟಿನ ಹಿಂಬದಿ ಆಳಕ್ಕೆ ಕೂತಷ್ಟೂ ನೀರನ್ನ ಜಾಸ್ತಿ ತಳ್ಳುತ್ತದೆ, ಅಲೆ ಎತ್ತರಕ್ಕೆ ಏಳುತ್ತದೆ. ಸವಾರ ಯಾವ ಬದಿಯ ಅಲೆ ಹಿಡಿಯುತ್ತಾನೋ ಆ ಬದಿಯ ಹಿಂದಿನ ಮೂಲೆಗೆ ಇನ್ನೂ ಸ್ವಲ್ಪ ಭಾರ. ಈ ಬ್ಯಾಗ್ ಇರೋದು ಅದಕ್ಕೇ. ಅಲ್ಲಿನ ನೀರನ್ನೇ ಪಂಪ್ ಮಾಡಿ ತುಂಬೋದು, ಆಟ ಮುಗಿದ ಮೇಲೆ ಖಾಲಿ ಮಾಡೋದು.

ಹುಡುಗ ಲೆಕ್ಕ ಹಾಕಿದ್ದ. ಬೋಟ್ ಎಷ್ಟು ಹೊರುತ್ತದೆ ಅಂತ ಅದರ ಮೇಲೆ ಫಲಕ ಇರುತ್ತಲ್ಲ, ಅದರಲ್ಲಿ ಕೂರುವ ಜನರ ತೂಕ ಕಳೆದು, 800 ಕೆಜಿ ಬ್ಯಾಲಸ್ಟ್ ಹಾಕಬಹುದು ಅಂದ. ಹೈದರಾಬಾದಿನ ಒಬ್ಬ ವ್ಯಾಪಾರಿ ಸಿಕ್ಕ. 400 ಕೆಜಿಯ ಎರಡು ಬ್ಯಾಗ್, ಜೊತೆಗೆ ಪಂಪ್. ದುಡ್ಡು ಮೊದಲೇ ಕೊಡಬೇಕು ಅಂದ, ಕೊಟ್ಟೆ. ಹೌದು, ಕೊಟ್ಟೆ. ನಾನೇ ಕೊಟ್ಟೆ.

ಪಾರ್ಸೆಲ್ ಮಿಲ್ಲಿಗೇ ಬಂತು. ಸೋರುತ್ತಾ ನೋಡೋಣ ಅಂತ ಅಂಗಳದಲ್ಲೇ ಹಾಸಿದೆವು. ಪಂಪಿಗೆ 12 ವೋಲ್ಟ್ ಬ್ಯಾಟರಿ ಬೇಕು, ಅದು ಬೋಟಿನಲ್ಲಿತ್ತು. ಅದಕ್ಕೆ ನಮ್ಮ ಹಮಾಲ ಕುಡಿಯುವ ನೀರಿನ 20 ಲೀಟರ್ ಕ್ಯಾನ್ ತಗೊಂಡು ಬೋರ್‌ವೆಲ್ ನೀರು ಹೊಯ್ಯತೊಡಗಿದ. ಒಂದು, ಎರಡು, ಮೂರು. ಲೀಟರಿಗೆ ಒಂದು ಕೆಜಿ, 400 ಕೆಜಿಗೆ 20 ಕ್ಯಾನ್, ಅಷ್ಟೇ ಅಲ್ವಾ? ಒಂಬತ್ತನೇ ಕ್ಯಾನಿಗೆ ಬ್ಯಾಗ್ ಹೊಟ್ಟೆ ಉಬ್ಬಿಸಿಕೊಂಡು ಬಿಗಿಯಾಯಿತು. ಹತ್ತನೆಯದು ಪೂರ್ತಿ ನನ್ನ ಚಪ್ಪಲಿ ಮೇಲೆ.

ಹಮಾಲ ಬ್ಯಾಗಿನ ಮೇಲಿನ ‘400 ಕೆಜಿ’ ನೋಡಿದ. ಒದ್ದೆಯಾಗಿ ‘ಕೆಜಿ’ಯ ಒಂದು ಮೂಲೆ ಎದ್ದಿತ್ತು. ಹೆಬ್ಬೆರಳಿನ ಉಗುರಿನಲ್ಲಿ ಎಬ್ಬಿಸಿದ. ಸ್ಟಿಕ್ಕರ್! ಕೆಳಗೆ ಇಂಗ್ಲಿಷ್‌ನಲ್ಲಿ ‘ಎಲ್‌ಬಿ’. ಪೌಂಡ್. ಒಂದು ಪೌಂಡ್ ಅಂದ್ರೆ 454 ಗ್ರಾಂ. 400 ಪೌಂಡ್ ಅಂದ್ರೆ 181 ಕೆಜಿ. ಒಂಬತ್ತು ಕ್ಯಾನ್!

‘ಸಾವ್ಕಾರ್ರೆ, ಅರ್ಧಾ ಸುದ್ದಾ ಇಲ್ರೀ’ ಅಂದ. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಫೋನ್ ಮಾಡಿದೆ. ಆ ವ್ಯಾಪಾರಿ ಮಾತಾಡೋದು ನಮ್ಮ ಕಡೆಯ ಕನ್ನಡವೇ. ಮೊದಲು, ‘ಬ್ಯಾಗ್ ಹೊಸಾದು ಅದಾರೀ, ಎರಡು ದಿನಾ ತುಂಬಿಡ್ರಿ, ಹಿಗ್ಗತದ’ ಅಂದ. ಹಿಗ್ಗಿ ಎರಡರಷ್ಟಾಗುತ್ತಾ? ಆಮೇಲೆ, ‘ಅದು ಸಮುದ್ರದ ನೀರಿನ ಲೆಕ್ಕ ರೀ’ ಅಂದ. ಸಮುದ್ರದ ನೀರು ಲೀಟರಿಗೆ ಸುಮಾರು 25 ಗ್ರಾಂ ಜಾಸ್ತಿ ತೂಗುತ್ತದೆ. ಇಡೀ ಬ್ಯಾಗಿಗೆ ನಾಲ್ಕೂವರೆ ಕೆಜಿ. ನನಗೆ ಬೇಕಾಗಿದ್ದು 219 ಕೆಜಿ! ಕೊನೆಗೆ ಸ್ಟಿಕ್ಕರ್ ಫೋಟೊ ಕಳಿಸಿದೆ. ಅದಕ್ಕೆ ಅವನ ಉತ್ತರ ಹಾಗೇ ಬರೀತೀನಿ: ‘ಅಣ್ಣಾರ, ಪೌಂಡ್ ಆದ್ರೇನು ಕೆಜಿ ಆದ್ರೇನು, ನಂಬರ್ 400 ಅದಾ ಇಲ್ಲ?’

ಇದನ್ನ ನನಗೆ ಹೇಳ್ತಾನೆ. ತೂಕದ ಯಂತ್ರಕ್ಕೆ ವರ್ಷ ವರ್ಷ ಸರ್ಕಾರಿ ಮುದ್ರೆ ಹಾಕಿಸುವ ನನಗೆ.

ವಾಪಸ್ ತಗೋ ಅಂದೆ. ‘ನೀರು ಹಾಕೀರಲ್ರೀ, ಬಳಸಿದ ಮಾಲು ಆಯ್ತು.’ ನೀರು ಹಾಕದೆ ನೀರಿನ ಬ್ಯಾಗ್ ನೋಡೋದು ಹೇಗಪ್ಪಾ? ಮೇಲೊಂದು ಸಲಹೆ ಬೇರೆ: ‘ಕಡಿಮಿ ಬಿದ್ದದ್ದಕ್ಕ ಉಸುಕಿನ ಚೀಲ ಇಡ್ರಿ.’ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ. ಬೋಟಿಗೆ ನೀರು ನುಗ್ಗಿ ಮುಳುಗುವ ಹೊತ್ತು ಬಂದರೆ, ನೀರಿನ ಬ್ಯಾಗ್ ನೀರೊಳಗೆ ಹೆಚ್ಚು ಕಡಿಮೆ ಭಾರವೇ ಅಲ್ಲ. ಉಸುಕು ಹಾಗಲ್ಲ, ಬೋಟನ್ನ ತಳಕ್ಕೇ ಎಳೆಯುತ್ತದೆ. ಒಂದು ತಿರುವಿನಲ್ಲಿ ಚೀಲ ಪಕ್ಕಕ್ಕೆ ಜಾರಿದರೂ ಸಾಕು. ದುಡ್ಡು ಹೋದರೆ ಹೋಗಲಿ, ಹುಡುಗರು ಕೂರುವ ಬೋಟ್ ಕಣ್ರೀ ಅದು.

ಕೊಳ್ಳುವವರು ಕೆಜಿ ಕೇಳಲೇಬೇಡಿ, ಎಷ್ಟು ಲೀಟರ್ ಹಿಡಿಯುತ್ತೆ ಅಂತ ಕೇಳಿ. ಬಿಲ್ಲಿನಲ್ಲೂ ಲೀಟರ್ ಅಂತಲೇ ಬರೆಸಿ. ನನ್ನ ಬಿಲ್ಲಿನಲ್ಲಿ ಬರೀ ‘400’ ಇದೆ, ಮುಂದೆ ಏನೂ ಇಲ್ಲ, ನಾನೂ ನೋಡಲಿಲ್ಲ. ತುಂಬಿಸೋದನ್ನ ಮೊದಲಿಂದ ವಿಡಿಯೊ ಮಾಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಸ್ಟಿಕ್ಕರನ್ನ ಲಕೋಟೆಯಲ್ಲಿ ಹಾಕಿ ಇಟ್ಟಿದ್ದೇನೆ.

ಅಳಿಯ ಮೊನ್ನೆ, ‘ಹೋಗ್ಲಿ ಬಿಡು ಮಾಮಾ, ಸಣ್ಣ ಅಲೀನೇ ಸಾಕು’ ಅಂದ. ನನಗೆ ಸಾಕಾಗಲ್ಲ.

ನಿನ್ನೆ ರಾತ್ರಿ ಅದೇ ವ್ಯಾಪಾರಿಯಿಂದ ಒಂದು ವಾಟ್ಸಾಪ್ ಬಂತು. ‘ದೊಡ್ಡ ಬ್ಯಾಗ್ ಬಂದಾವ್ರೀ, 750ರದು. ಬೇಕೇನು?’

‘ಏನು 750?’ ಅಂತ ಕೇಳಿದ್ದೇನೆ. ನೀಲಿ ಗೆರೆ ಬಿದ್ದಿದೆ. ಉತ್ತರ ಇಲ್ಲ.