ಚಿಲಿಯಲ್ಲಿ ದೂರು ಯಾರಿಗೆ: ಕಾರಬಿನೆರೊಸ್‌ಗೋ, ಪಿಡಿಐಗೋ?

ಚಿಲಿಗೆ ಹೊರಟವರು ಮೊದಲೇ ತಿಳಿದಿರಬೇಕು: ಅಲ್ಲಿ ರಾಷ್ಟ್ರಮಟ್ಟದ ಪೊಲೀಸ್ ಪಡೆಗಳು ಎರಡು.

ಹಸಿರು ಸಮವಸ್ತ್ರದಲ್ಲಿ ಬೀದಿ ಗಸ್ತು ತಿರುಗುವವರು ಕಾರಬಿನೆರೊಸ್. 1927ರಲ್ಲಿ ಹುಟ್ಟಿದ ಪಡೆ. ಕರೆ ಸಂಖ್ಯೆ 133. ಸ್ಯಾಂಟಿಯಾಗೊದಲ್ಲಿ ಯಾರೋ ಕೈಯಿಂದ ಮೊಬೈಲ್ ಕಸಿದು ಓಡಿದರೆ ಮೊದಲು ಇವರನ್ನೇ ಕರೆಯಿರಿ. ಸಣ್ಣ ಊರುಗಳಲ್ಲೂ ಇವರ ಠಾಣೆ ಸಿಗುತ್ತದೆ ಎಂಬುದು ದೊಡ್ಡ ಧೈರ್ಯ. ಕೈಬಿಸಿ ಮಾಡುವ ಯೋಚನೆ ಮಾತ್ರ ಬೇಡವೇ ಬೇಡ, ಅದು ಅಪರಾಧ.

ಪಿಡಿಐ (134) ತನಿಖಾ ಪೊಲೀಸ್, ಹೆಚ್ಚಾಗಿ ಮಫ್ತಿಯಲ್ಲಿರುತ್ತಾರೆ. ಕೊಲೆ, ವಂಚನೆ, ಸೈಬರ್ ಅಪರಾಧಗಳಲ್ಲಿ ಇವರದು ಪಳಗಿದ ಕೈ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆಯೂ ಇವರದೇ. ಪ್ರವಾಸಿಯ ಪ್ರವೇಶ ಚೀಟಿ ಕಳೆದುಹೋದರೆ ನಕಲು ಪಡೆಯಬೇಕಾದದ್ದೂ ಇವರಿಂದಲೇ.

ದೂರನ್ನು ಇಬ್ಬರೂ ಸ್ವೀಕರಿಸುತ್ತಾರೆ. ತನಿಖೆಯನ್ನು ನಿರ್ದೇಶಿಸುವುದು ಫಿಸ್ಕಲಿಯಾ ಎಂಬ ಸ್ವಾಯತ್ತ ಅಭಿಯೋಜನಾ ಸಂಸ್ಥೆ. ಹಾಗಾಗಿ ಹತ್ತಿರದ ಬಾಗಿಲನ್ನೇ ತಟ್ಟಿ, ದೂರಿನ ಪ್ರತಿಯನ್ನು ಕೇಳಿ ಪಡೆಯಿರಿ.